ಅಪ್ಪನ ಕಪ್ಪು ಕಾರಿನ ಗೀರುಗಳು

ಅಪ್ಪ ರಿಟೈರ್ ಆದ ವರ್ಷ, 2015ರಲ್ಲಿ, ಒಂದು ಕಪ್ಪು ಕಾರು ತಗೊಂಡರು. ತಿಪಟೂರಿನ ನಮ್ಮ ಮನೆ ಮುಂದೆ ಅದು ಬಂದು ನಿಂತ ದಿನದಿಂದ ಬೆಳಗಿನ ಕಾಫಿ ಆದ ಮೇಲೆ ಅವರಿಗೆ ಒಂದೇ ಕೆಲಸ, ಕಾರು ಒರೆಸೋದು. ಬೋರ್‌ವೆಲ್ ನೀರು ಬಿಳಿ ಕಲೆ ಬಿಡುತ್ತದೆ ಅಂತ ನೀರು ಮುಟ್ಟಿಸುತ್ತಿರಲಿಲ್ಲ. ಹಳೆ ಪಂಚೆಯ ತುಂಡಿನಿಂದ ಬಾನೆಟ್ಟು, ಟಾಪು, ಡಿಕ್ಕಿ ಮೂರನ್ನೂ ಉದ್ದುದ್ದಕ್ಕೆ ಒಣಒಣವಾಗಿಯೇ ಒರೆಸುತ್ತಿದ್ದರು. ಬಾಗಿಲುಗಳನ್ನು ಮಾತ್ರ ತಿಂಗಳಿಗೊಮ್ಮೆ ವಾಟರ್ ಸರ್ವಿಸ್‌ನವರು ತೊಳೆಯುತ್ತಿದ್ದರು.

ಹೋದ ಆಯುಧಪೂಜೆಗೆ ಊರಿಗೆ ಹೋದಾಗ ಅಪ್ಪ ಬೇಜಾರಿನಲ್ಲಿದ್ದರು. "ಬಣ್ಣ ಸತ್ತೋಗಿದೆ ಕಣಮ್ಮ, ಪೂರ್ತಿ ಪೇಂಟ್ ಮಾಡಿಸ್ಬೇಕು" ಅಂದರು. ಪಕ್ಕದ ಮನೆಯವರು ರಬ್ಬಿಂಗ್ ಪಾಲಿಶ್ ಸಾಕು ಅಂದಿದ್ದರಂತೆ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಪೇಂಟೋ ಪಾಲಿಶ್ಶೋ ಆಮೇಲೆ ನೋಡೋಣ, ಮೊದಲು ಇರೋದು ಎಂಥ ಗೀರು ಅಂತ ತಿಳ್ಕೊಳ್ಳೋಣ ಅಂದೆ. ರಜೆಯ ಎರಡು ದಿನ ನಾವಿಬ್ಬರೂ ಅದನ್ನೇ ನೋಡಿದೆವು.

ಪೋರ್ಟಿಕೋದ ಟ್ಯೂಬ್‌ಲೈಟ್ ಕೆಳಗೆ ಏನೂ ಕಾಣಲಿಲ್ಲ. ಬೆಳಕು ಅಗಲವಾಗಿ ಹರಡಿ ಬಂದರೆ ಸಣ್ಣ ಗೀರುಗಳು ಮುಚ್ಚಿಹೋಗುತ್ತವೆ. ಅವನ್ನು ಹೊರಗೆ ತರಬೇಕಾದರೆ ಒಂದೇ ಚುಕ್ಕಿಯಿಂದ ಬರೋ ಬೆಳಕು ಬೇಕು. ಹಗಲಾದರೆ ಬಿಸಿಲು, ರಾತ್ರಿಯಾದರೆ ಫೋನಿನ ಟಾರ್ಚು. ಕಾರನ್ನು ಬಿಸಿಲಿಗೆ ತಂದ ಕೂಡಲೇ ಬಾಗಿಲಿನಲ್ಲಿ ಕಾಣುವ ಸೂರ್ಯನ ಸುತ್ತ ಜೇಡರ ಬಲೆ ಬಿಚ್ಚಿಕೊಂಡಿತು. ಸ್ವಿರ್ಲ್ ಮಾರ್ಕ್ ಅನ್ನೋದು ಇದಕ್ಕೇ.

"ವಾಟರ್ ಸರ್ವಿಸ್‌ನವರು ಸುತ್ತ ಸುತ್ತ ಉಜ್ಜಿದ್ದಾರೆ ನೋಡು" ಅಂದರು ಅಪ್ಪ. ಹಾಗಲ್ಲ. ಆ ವೃತ್ತಗಳು ಬಾಗಿಲಿನ ಮೇಲೆ ಇಲ್ಲವೇ ಇಲ್ಲ. ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತಂದು ಬಿಸಿಲಿಗೆ ಹಿಡಿದೆ. ವರ್ಷಗಟ್ಟಲೆ ಎತ್ತೆತ್ತಲೋ ಉಜ್ಜಿದ ತಟ್ಟೆ. ಅದರಲ್ಲೂ ಸೂರ್ಯನ ಸುತ್ತ ಅದೇ ಬಳೆ ಬಳೆ. ತಟ್ಟೆಯನ್ನು ಸ್ವಲ್ಪ ಓರೆ ಮಾಡಿದರೆ ಬಳೆಗಳೂ ಜೊತೆಗೇ ಜರುಗಿದವು. ಗೀರುಗಳು ಎಲ್ಲ ದಿಕ್ಕಿಗೂ ಚಿಕ್ಕ ಚಿಕ್ಕದಾಗಿ, ನೇರವಾಗಿ ಬಿದ್ದಿರುತ್ತವೆ. ಅಡ್ಡಡ್ಡ ಬೆಳಕು ಬಿದ್ದ ಗೀರು ಮಾತ್ರ ನಮ್ಮ ಕಣ್ಣಿಗೆ ಹೊಳೆಯುತ್ತದೆ. ಸೂರ್ಯನ ಬಿಂಬದ ಸುತ್ತ ಹಾಗೆ ಹೊಳೆಯುವ ತುಂಡುಗಳೆಲ್ಲ ಸೇರಿದಾಗ ವೃತ್ತದಂತೆ ಕಾಣುತ್ತವೆ. ತಲೆ ಪಕ್ಕಕ್ಕೆ ಸರಿಸಿದಾಗ ಬಲೆಯೂ ಸರಿದರೆ ಅದು ಸ್ವಿರ್ಲ್. ಮಣ್ಣು ಮೆತ್ತಿದ ಸ್ಪಂಜಿನಲ್ಲಿ ಎಲ್ಲ ಕಡೆಗೂ ಉಜ್ಜಿದ್ದರ ಗುರುತು ಅದು.

ಹಾಗಾದರೆ ಅಪ್ಪನ ಪಂಚೆ? ಬಾನೆಟ್‌ನ ಎದುರು ನಿಂತು ನೋಡಿದರೆ ಅಷ್ಟೇನೂ ಕಾಣಲಿಲ್ಲ. ಬಿಸಿಲು ಬರೋ ಪಕ್ಕಕ್ಕೆ ಹೋಗಿ ನಿಂತೆವು. ಇಡೀ ಬಾನೆಟ್ಟಿನ ಉದ್ದಕ್ಕೂ ಬಾಚಣಿಗೆ ಎಳೆದ ಹಾಗೆ ಸಾಲು ಸಾಲು ಗೀರು! ಎಲ್ಲಾ ಒಂದೇ ದಿಕ್ಕಿಗೆ ಇದ್ದದ್ದರಿಂದ ಬಲೆ ಮೂಡಿರಲಿಲ್ಲ, ಎದುರಿನಿಂದ ಕಂಡೂ ಇರಲಿಲ್ಲ. ಬಟ್ಟೆ ಎಷ್ಟೇ ಮೆತ್ತಗಿದ್ದರೂ ಧೂಳಿನಲ್ಲಿ ಮರಳಿನ ಕಣ ಇರುತ್ತದಲ್ವಾ, ಗೀರುವುದು ಅದು. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಹತ್ತು ವರ್ಷ ಅಷ್ಟು ಅಕ್ಕರೆಯಿಂದ ಮಾಡಿದ ಕೆಲಸ. ನನಗೂ ಕಷ್ಟವಾಯಿತು.

ಎಡಗಡೆ ಹಿಂದಿನ ಬಾಗಿಲಿನ ಕಥೆಯೇ ಬೇರೆ. ಹಿಂದೊಮ್ಮೆ ಬೈಕ್ ತಗುಲಿದಾಗ ಅಲ್ಲಿ ಮಾತ್ರ ಪೇಂಟ್ ಮಾಡಿಸಿದ್ದರು. ಆ ಬಾಗಿಲಿನ ಮುಂದೆ ನಡೆಯುತ್ತಾ ಹೋದರೆ ಶಾಟ್ ಕಲರ್ ರೇಷ್ಮೆ ಸೀರೆಯ ಹಾಗೆ ಅಗಲವಾದ ಮಂಕು ಅಲೆಗಳು ಮಿಂಚಿ ಮಾಯವಾಗುತ್ತವೆ. ಇದು ಹಾಲೋಗ್ರಾಮ್. ಒಂದೇ ಕೇಂದ್ರದ ಸುತ್ತ ತಿರುಗುವ ರೋಟರಿ ಮಷಿನ್ನಿಗೆ ಉಣ್ಣೆ ಪ್ಯಾಡ್ ಹಾಕಿ ಉಜ್ಜಿ, ಆಮೇಲೆ ನಯವಾದ ಪಾಲಿಶ್ ಕೊಡದೆ ಬಿಟ್ಟರೆ ಹೀಗಾಗುತ್ತದೆ. ಬಲೆ ಸೂರ್ಯನ ಬಿಂಬಕ್ಕೆ ಅಂಟಿಕೊಂಡಿರುತ್ತದೆ. ಹಾಲೋಗ್ರಾಮ್ ಆದರೆ, ಮಷಿನ್ ಓಡಾಡಿದ ದಾರಿಗೆ ಅಂಟಿಕೊಂಡಿರುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ, ಗಾಡಿ ಬಿಡಿಸಿಕೊಳ್ಳೋ ದಿನ ಅಂಗಡಿಯ ನೆರಳಲ್ಲೇ ನೋಡಿ ದುಡ್ಡು ಕೊಡುವ ಬದಲು ರಸ್ತೆಯ ಬಿಸಿಲಿಗೆ ತಂದು ನೋಡಬಹುದು.

ಇನ್ನು ಆಳದ ವಿಷಯ. ಕಂಪನಿಯಿಂದ ಬಂದ ಬಣ್ಣ, ಎಲ್ಲ ಪದರ ಸೇರಿ, ಸುಮಾರು ಒಂದು ಜೆರಾಕ್ಸ್ ಹಾಳೆಯಷ್ಟು ದಪ್ಪ, ಅಂದರೆ 100 ಮೈಕ್ರಾನ್ ಆಸುಪಾಸು. ಅದರಲ್ಲಿ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಹೆಚ್ಚುಕಡಿಮೆ 40 ಮೈಕ್ರಾನ್ ಅಷ್ಟೇ. ನಾವು ಇಲ್ಲಿವರೆಗೆ ನೋಡಿದ ಗೀರುಗಳೆಲ್ಲ ಈ ಪದರದ ಮೇಲ್ಮೈಯಲ್ಲೇ ಇವೆ. ಪಾಲಿಶ್ ಅಂದರೆ ಗೀರನ್ನು ತುಂಬೋದಲ್ಲ, ಗೀರಿನ ಮಟ್ಟಕ್ಕೆ ಸುತ್ತಲಿನ ಪದರವನ್ನು ಸವೆಸೋದು. ಸವೆದದ್ದು ವಾಪಸ್ ಬರಲ್ಲ. ಬಿಸಿಲಿನಿಂದ ಬಣ್ಣ ಕಾಯೋದು ಈ ಪದರವೇ. ಸುಮ್ನೆ ವರ್ಷಕ್ಕೊಂದು ರಬ್ಬಿಂಗ್ ಮಾಡಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮುಂದಿನ ಬಾಗಿಲಿನಲ್ಲಿ ಒಂದು ಗೇಣುದ್ದದ ಒಂಟಿ ಗೀರು ಬೆಳ್ಳಗೆ ಕಾಣುತ್ತಿತ್ತು. ಉಗುರು ಆಡಿಸಿದೆ, ಸಿಕ್ಕಿಕೊಳ್ಳಲಿಲ್ಲ. ನೀರು ಹಚ್ಚಿದಾಗ ಅರ್ಧ ಮಾಯವಾಯಿತು. ಆಗ ಅಮ್ಮನ ಕೊಬ್ಬರಿ ಎಣ್ಣೆ ಬಾಟಲಿ ತಂದೆ. ತಿಪಟೂರಿನ ಮನೆಯಲ್ಲಿ ಅದಕ್ಕೇನು ಬರ? ಒಂದು ಹನಿ ಸವರಿದ್ದೇ ಪೂರ್ತಿ ಮಾಯ. ಕ್ಲಿಯರ್ ಕೋಟ್‌ನ ವಕ್ರೀಭವನಾಂಕ, ಅಂದರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನೋ ಅಳತೆ, ಸುಮಾರು 1.5. ನೀರಿನದು 1.33, ಕೊಬ್ಬರಿ ಎಣ್ಣೆಯದು 1.45. ಗೀರಿನೊಳಗೆ ತುಂಬಿದ್ದು ಸುತ್ತಲಿನ ಪದರಕ್ಕೆ ಹತ್ತಿರವಾದಷ್ಟೂ ಬೆಳಕಿಗೆ ಅಂಚು ಸಿಗುವುದಿಲ್ಲ, ಚೆದುರುವುದಿಲ್ಲ. ಎಣ್ಣೆಗೆ ಮಾಯವಾಯಿತು ಅಂದರೆ ಗೀರು ಕ್ಲಿಯರ್ ಕೋಟ್‌ನಲ್ಲೇ ಇದೆ, ಕೆಳಗಿನ ಬಣ್ಣಕ್ಕೆ ಏನೂ ಆಗಿಲ್ಲ.

ಎಣ್ಣೆ ಒರೆಸಿದರೆ ಗೀರು ವಾಪಸ್. ಕೆಲವು ಪಾಲಿಶ್‌ಗಳಲ್ಲಿ ಇಂಥದ್ದೇ ತುಂಬುವ ಎಣ್ಣೆ ಇರುತ್ತದೆ. ಗಾಡಿ ತಂದ ದಿನ ಕನ್ನಡಿ, ನಾಲ್ಕು ಸಲ ತೊಳೆದ ಮೇಲೆ ಮತ್ತೆ ಅದೇ ಬಲೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒಂದು ಕಡೆ ಒರೆಸಿ, ಆ ಎಣ್ಣೆ ತೆಗೆದು ನೋಡಿದರೆ ಗೀರು ಹೋಗಿದೆಯೋ ಮುಚ್ಚಿದೆಯೋ ಗೊತ್ತಾಗುತ್ತದೆ.

ಹಿಂದಿನ ಚಕ್ರದ ಮೇಲಿದ್ದ ಒಂದು ಗೀರು ಎಣ್ಣೆಗೂ ಬಗ್ಗಲಿಲ್ಲ. ಉಗುರು ಸಿಕ್ಕಿತು, ತಳದಲ್ಲಿ, ಬಣ್ಣಕ್ಕೂ ಮೊದಲು ಬಳಿಯುವ ಬೂದು ಪ್ರೈಮರ್ ಕಂಡಿತು. ಅದಕ್ಕೆ ಟಚ್‌ಅಪ್ ಬಣ್ಣವೇ ಗತಿ, ತಡ ಮಾಡಿದರೆ ತುಕ್ಕು. ಅಪ್ಪ ತುಂಬಾ ಹೆದರಿದ್ದ ದೊಡ್ಡ ಬಿಳಿ ಪಟ್ಟೆ ಮಾತ್ರ ಗೀರೇ ಅಲ್ಲ. ಉಗುರಿಗೆ ಹಳ್ಳ ಸಿಗಲಿಲ್ಲ, ಉಬ್ಬು ಸಿಕ್ಕಿತು. ನಮ್ಮ ಗೇಟಿನ ಬಣ್ಣ ಕಾರಿಗೆ ಅಂಟಿತ್ತು. ಅದೇ ಆಲ್ಕೊಹಾಲಿನಲ್ಲಿ ನಿಧಾನಕ್ಕೆ ಉಜ್ಜಿದಾಗ ಬಿಟ್ಟುಬಂತು. ಥಿನ್ನರ್ ಹಾಕಬೇಡಿ, ಕಾರಿನ ಬಣ್ಣವೂ ಎದ್ದೀತು.

ಮುಂದಿನ ಬಂಪರ್ ಮೂಲೆಯಲ್ಲಿ ನಿಜವಾದ ಕಮಾನುಗಳೂ ಇದ್ದವು. ತಲೆ ಸರಿಸಿದರೂ ಜರುಗದ ಗೀರುಗಳು. ವರ್ಷವರ್ಷ ಪೂಜೆಗೆ ಬಾಳೆಕಂದು ಕಟ್ಟುವ ಜಾಗ ಅದು. ಊರು ಸುತ್ತಿ ಬರುವಾಗ ಕಂದು ಗಾಳಿಗೆ ಅಲ್ಲಾಡಿ ಅಲ್ಲಾಡಿ ಬರೆದದ್ದು. ಈ ಸಲ ಕಂದಿನ ಕೆಳಗೆ ಮೈಕ್ರೋಫೈಬರ್ ಬಟ್ಟೆ ಮಡಿಸಿ ಇಟ್ಟು ಕಟ್ಟಿದೆವು. ಬಾಗಿಲಿನ ಹಿಡಿಕೆಯ ಹಿಂದಿನ ಗುಳಿಯಲ್ಲಿ ಅಮ್ಮನ ಬಳೆ, ಉಂಗುರದ ಗೀಚು ತುಂಬಿದೆ. ಅದನ್ನು ಹಾಗೇ ಬಿಟ್ಟೆವು.

ದೀಪಾವಳಿಗೆ ಒಂದು ಡಿಎ (ಡ್ಯುಯಲ್ ಆಕ್ಷನ್) ಪಾಲಿಶರ್ ಮಷಿನ್ ಬಾಡಿಗೆಗೆ ತಂದು ಮೂರು ಬಾಗಿಲು, ಬಾನೆಟ್ ಮುಗಿಸಿದೆವು. ಅದು ಸುತ್ತುವುದರ ಜೊತೆಗೆ ಅಲುಗುತ್ತಲೂ ಇರುತ್ತದೆ, ಹಾಗಾಗಿ ಹಾಲೋಗ್ರಾಮ್ ಭಯ ಕಡಿಮೆ. ಬಲೆ ಹೋಯಿತು. ಬಾನೆಟ್ಟಿನ ಉದ್ದ ಗೀರುಗಳಲ್ಲಿ ಆಳದ್ದು ಕೆಲವು ಉಳಿದವು, ಬೇಕೆಂದೇ ಅಲ್ಲಿಗೆ ನಿಲ್ಲಿಸಿದೆ. ಅಪ್ಪ ಈಗ ಮೊದಲು ನೀರು ಹೊಯ್ದು ಧೂಳು ಇಳಿಸುತ್ತಾರೆ, ಆಮೇಲೆ ಬಟ್ಟೆ ಮುಟ್ಟಿಸುತ್ತಾರೆ, ನೀರು ಆರುವ ಮೊದಲೇ ಒತ್ತಿ ಹೀರಿಸುತ್ತಾರೆ.

ಎಡಗಡೆ ಹಿಂದಿನ ಬಾಗಿಲು ಬಾಕಿ ಇದೆ. ಪೇಂಟ್ ಮಾಡಿಸಿದ ಬಾಗಿಲು, ಮೇಲಿನ ಪದರ ಎಷ್ಟು ಉಳಿದಿದೆಯೋ ಅಳೆಯದೆ ಮುಟ್ಟಲ್ಲ. ದಪ್ಪ ಅಳೆಯೋ ಗೇಜ್ ಒಬ್ಬ ಸ್ನೇಹಿತರ ಹತ್ತಿರ ಕೇಳಿದ್ದೇನೆ, ಸಂಕ್ರಾಂತಿಗೆ ಹೋಗುವಾಗ ತಗೊಂಡು ಹೋಗಬೇಕು.