ಎಷ್ಟು ಬಂತು ಅನ್ನೋದಕ್ಕಿಂತ ಯಾವ ಮಳೆ ಬಂತು

ಕೊಪ್ಪಳ ಜಿಲ್ಲೆಯ ನಮ್ಮ ಯಲಬುರ್ಗಾ ಕಡೆ ಮಳೆ ಕಡಿಮೆ ಆಗಿದೆಯಾ ಅಂತ ಯಾರನ್ನೇ ಕೇಳಿ, ಹೌದು ಅಂತಾರೆ. ವರ್ಷದ ಒಟ್ಟು ಮಳೆಯ ಪಟ್ಟಿ ಮಾತ್ರ ಅಷ್ಟು ಸಲೀಸಾಗಿ ಹೌದು ಅನ್ನುವುದಿಲ್ಲ. ಒಂದಿಷ್ಟು ವರ್ಷ ಇಳಿಯುತ್ತದೆ, ಮತ್ತೆ ಏರುತ್ತದೆ. ಹಾಗಂತ ಊರಿನವರು ಸುಮ್ನೆ ಹೇಳುತ್ತಿಲ್ಲ. ವರ್ಷದ ಮೊತ್ತ ರೈತನ ಲೆಕ್ಕವೇ ಅಲ್ಲ.

2009 ನೋಡಿ. ದೇಶದ ಮುಂಗಾರು ವಾಡಿಕೆಗಿಂತ ಸುಮಾರು ಶೇ 22ರಷ್ಟು ಕಡಿಮೆ ಇತ್ತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ ನಮ್ಮ ಉತ್ತರ ಕರ್ನಾಟಕಕ್ಕೆ ಪ್ರವಾಹ ಬಂತು. ಆ ಕೆಲವೇ ದಿನಗಳ ನೀರು ವರ್ಷದ ಮೊತ್ತಕ್ಕೆ ಸೇರಿಬಿಡುತ್ತದೆ. ಪಟ್ಟಿ ಮಾತ್ರ ನೋಡಿದವರಿಗೆ ಅದು ಒಳ್ಳೆ ಮಳೆಯ ವರ್ಷ. ಮನೆ ಬಿದ್ದವರಿಗೆ?

ಅದಕ್ಕೇ ನಾನು ಹವಾಮಾನ ಇಲಾಖೆಯ ದಿನದಿನದ ಮಳೆ ಅಂಕಿಗಳನ್ನು ಇಳಿಸಿಕೊಂಡು, ತಿಂಗಳ ಬದಲು ಮಳೆ ನಕ್ಷತ್ರದ ಪ್ರಕಾರ ವಿಂಗಡಿಸುತ್ತಿದ್ದೇನೆ. 1901ರಿಂದಲೂ ಅಂಕಿ ಸಿಗುತ್ತವೆ. ನಕ್ಷೆಯನ್ನು ಸುಮಾರು 27 ಕಿ.ಮೀ. ಅಗಲದ ಚೌಕಗಳಾಗಿ ಮಾಡಿ, ಒಂದೊಂದು ಚೌಕಕ್ಕೆ ದಿನಕ್ಕೊಂದು ಸಂಖ್ಯೆ. ರೋಹಿಣಿ ಮೇ 25ರ ಹೊತ್ತಿಗೆ, ಮೃಗಶಿರಾ ಜೂನ್ 8ಕ್ಕೆ, ಹೀಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು. ಹೆಸರು ಬಿತ್ತುವವರು ಕಾಯುವುದು ಈ ಮೊದಲಿನ ಮಳೆಗಳನ್ನ. ಹಿಂಗಾರಿ ಜೋಳ, ಕಡಲೆಗೆ ಉತ್ತರಿ, ಹಸ್ತ ಬೇಕು. 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಅಂತ ಹಿರಿಯರು ಹೇಳಿದ್ದರಲ್ಲೂ ಹೊತ್ತಿನ ಮಾತೇ ಇದೆ.

ಒಂದೊಂದು ನಕ್ಷತ್ರದಲ್ಲೂ ಮೊತ್ತದ ಜೊತೆಗೆ ಮಳೆ ದಿನ ಎಣಿಸುತ್ತೇನೆ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಇಲಾಖೆ ಅದನ್ನು ಮಳೆ ದಿನ ಅನ್ನುತ್ತದೆ. ಮಳೆ ಇಲ್ಲದ ಅತಿ ಉದ್ದದ ಬಿಡುವು ಎಷ್ಟು ದಿನದ್ದು ಅನ್ನುವುದನ್ನೂ ಬರೆದುಕೊಳ್ಳುತ್ತೇನೆ. ಒಂದೇ ಸಂಜೆ 60 ಮಿ.ಮೀ. ಸುರಿದರೂ ಅಷ್ಟೇ ಮೊತ್ತ, ನಾಲ್ಕು ಸಲ ಹದಿನೈದು ಬಂದರೂ ಅಷ್ಟೇ ಮೊತ್ತ. ಮೊದಲಿನದು ಒಡ್ಡು ಒಡೆದು, ಮಣ್ಣು ಎಳೆದುಕೊಂಡು ಹಳ್ಳಕ್ಕೆ ಹೋಗುತ್ತದೆ. ಎರಡನೆಯದು ಎರಿ (ಕಪ್ಪು ಮಣ್ಣಿನ) ಹೊಲದ ಒಳಗೆ ಇಳಿಯುತ್ತದೆ. 'ಎಷ್ಟು ಬಂತು ಅಂತ ಬ್ಯಾಡ, ಹಸಿ ಎಷ್ಟು ಇಳೀತು ಹೇಳು' ಅಂತ ನಮ್ಮಪ್ಪ ಕೇಳುವುದು ಇದನ್ನೇ.

ಅಪ್ಪ ಗೋಡೆ ಕ್ಯಾಲೆಂಡರಿನಲ್ಲಿ ಮಳೆ ಗುರುತು ಹಾಕುತ್ತಾರೆ. ಅವರ ದಿನಕ್ಕೂ ಇಲಾಖೆಯ ದಿನಕ್ಕೂ ಎಷ್ಟೋ ಕಡೆ ಒಂದು ದಿನದ ವ್ಯತ್ಯಾಸ ಬರುತ್ತದೆ. ಇಲಾಖೆ ಅಳೆಯುವುದು ಬೆಳಗ್ಗೆ 8.30ಕ್ಕೆ. ರಾತ್ರಿ ಬಿದ್ದ ಮಳೆ ಮರುದಿನದ ಹೆಸರಿಗೆ ಹೋಗುತ್ತದೆ. ಇದು ಗೊತ್ತಿದ್ದರೆ ಎರಡೂ ಚೆನ್ನಾಗಿ ಕೂಡುತ್ತವೆ.

ಏರಿಳಿತ ಹೇಳುವಾಗ ಯಾವ ವರ್ಷದಿಂದ ಶುರು ಮಾಡಿದಿರಿ ಅನ್ನುವುದನ್ನು ಮೊದಲು ನೋಡಬೇಕು. 1972ರ ಬರದಿಂದ ಗೆರೆ ಎಳೆದರೆ ಮುಂದೆಲ್ಲ ಮಳೆ ಹೆಚ್ಚಾದ ಹಾಗೆ ಕಾಣುವ ಸಾಧ್ಯತೆ ಜಾಸ್ತಿ. ಅದಕ್ಕೆ ಏರಿಳಿತ ಗುರುತಿಸುವ ಮಾನ್-ಕೆಂಡಾಲ್ ಅನ್ನೋ ಸಂಖ್ಯಾಶಾಸ್ತ್ರದ ಪರೀಕ್ಷೆ ನನಗೆ ಇಷ್ಟ. ಪ್ರತಿ ವರ್ಷವನ್ನೂ ಅದರ ಮುಂದಿನ ಎಲ್ಲಾ ವರ್ಷಗಳ ಜೊತೆ ಇಟ್ಟು, ಹೆಚ್ಚೋ ಕಡಿಮೆಯೋ ಅಂತ ಮಾತ್ರ ಎಣಿಸುತ್ತದೆ. ಒಂದು ವರ್ಷದ ಪ್ರವಾಹ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗುವುದಿಲ್ಲ. ಕೊಪ್ಪಳ ಜಿಲ್ಲೆಯಾಗಿದ್ದು 1997ರಲ್ಲಿ, ಅದಕ್ಕೂ ಹಿಂದಿನದು ರಾಯಚೂರಿನ ಲೆಕ್ಕದಲ್ಲಿದೆ. ಕುಕನೂರು ಮೊದಲು ನಮ್ಮ ತಾಲ್ಲೂಕಿನಲ್ಲೇ ಇತ್ತು. ಜಿಲ್ಲೆ, ತಾಲ್ಲೂಕಿನ ಸರಾಸರಿ ಹೋಲಿಸುವವರು ಇದನ್ನು ಮರೆಯಬಾರದು.

ಉಷ್ಣಾಂಶದ ಕಥೆ ಬೇರೆ. ಅದರ ಚೌಕ ಅಕ್ಷಾಂಶ-ರೇಖಾಂಶದ ಒಂದು ಡಿಗ್ರಿಯದು, ಅಂದರೆ ನೂರು ಕಿ.ಮೀ.ಗೂ ಜಾಸ್ತಿ. ಗಂಗಾವತಿಯ ನೀರಾವರಿ ಭತ್ತದ ಗದ್ದೆ, ನಮ್ಮ ಒಣ ಹೊಲ ಎರಡಕ್ಕೂ ಬೇರೆ ಬೇರೆ ಬಿಸಿಲು ಅದರಲ್ಲಿ ಕಾಣಲ್ಲ. ಭಾರತದ ಸರಾಸರಿ ಉಷ್ಣಾಂಶ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. ನಾನು ಹಗಲಿನ ಬಿಸಿಲಿಗಿಂತ ಚಳಿಗಾಲದ ರಾತ್ರಿಗಳನ್ನು ಮೊದಲು ನೋಡಬೇಕು ಅಂದುಕೊಂಡಿದ್ದೇನೆ. ಹಿಂಗಾರಿ ಕಡಲೆಗೆ ಆ ತಂಪು ಬೇಕು, ಅಲ್ವಾ?

ಕುಷ್ಟಗಿ, ಕುಕನೂರು ಕಡೆಯವರ ಮನೆಯಲ್ಲಿ ಮಳೆ ಗುರುತು ಹಾಕಿದ ಹಳೆ ಕ್ಯಾಲೆಂಡರ್ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಫೋಟೊ ತೆಗೆದು ಕಳಿಸಿ. ಬಿತ್ತಿದ ದಿನ ಬರೆದಿದ್ದರಂತೂ ನನಗೆ ಇನ್ನೂ ಒಳ್ಳೆಯದು.