ಡೋಣಿ ಹಳ್ಳದ ಕರಿ ಉಸುಕು

ಹೋದ ಭಾನುವಾರ ಡೋಣಿ ಹಳ್ಳಕ್ಕೆ ಹೋಗುವಾಗ ಕಿಸೆಯಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡಿದ್ದೆ. ಮುಂಡರಗಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಅಯಸ್ಕಾಂತ ಅಲ್ಲಿ ಹಳೇ ಸ್ಪೀಕರ್ ಒಡೆದಾಗ ಸಿಕ್ಕಿದ್ದು. ಅದಕ್ಕೆ ಪೇಪರ್ ಸುತ್ತಿ, ಹಳ್ಳ ತಿರುಗುವಲ್ಲಿ ಒಂದು ದೊಡ್ಡ ಕಲ್ಲಿನ ಹಿಂದೆ ನಿಂತಿದ್ದ ಉಸುಕಿನ ಮೇಲೆ ಆಡಿಸಿದೆ. ಕರೀ ಕಣಗಳು ಮುಳ್ಳುಹಂದಿಯ ಮೈಯಂತೆ ಎದ್ದು ನಿಂತವು.

ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಬಂದರು. "ಏನ್ ಹುಡುಕಾಕತ್ತಿ ತಮ್ಮಾ, ಬಂಗಾರೇನು?"

"ಇಲ್ಲ ಯಜ್ಜಾ, ಕರಿ ಉಸುಕು."

"ಹಂಗಾದ್ರ ಸರಿಯಾದ ಜಾಗಾದಾಗ ಕುಂತಿ. ಇದು ಇದ್ದಲ್ಲೇ ಅದೂ ಇರತೈತಿ."

ಎಷ್ಟು ಸರಿಯಾದ ಮಾತು! ಬಂಗಾರ ನೀರಿಗಿಂತ 19 ಪಟ್ಟು ಭಾರ. ಕರಿ ಉಸುಕು ಸುಮಾರು 5 ಪಟ್ಟು, ಬಿಳೀ ಉಸುಕು 3 ಪಟ್ಟೂ ಇಲ್ಲ. ಮರಿಗೆಯಲ್ಲಿ, ಅಂದರೆ ಕಟ್ಟಿಗೆಯ ಅಗಲ ತಟ್ಟೆಯಲ್ಲಿ, ಹಳ್ಳದ ಮಣ್ಣು ಹಾಕಿ ನೀರಿನೊಳಗೆ ತಿರುಗಿಸಿದರೆ ಮೊದಲು ಬಿಳಿಯದು ತೇಲಿಹೋಗುತ್ತದೆ. ಕರಿಯದು ತಳ ಹಿಡಿಯುತ್ತದೆ. ಅದನ್ನೂ ನಿಧಾನವಾಗಿ ಸರಿಸಿದರೆ ಕೊನೆಗೆ ಅಂಚಿನಲ್ಲಿ ಒಂದೆರಡು ಹಳದಿ ಚುಕ್ಕಿ. ಹಳ್ಳದ ಮಣ್ಣು ತೊಳೆದು ಬಂಗಾರ ತೆಗೆಯುವ ಜಲಗಾರರು ತಲೆಮಾರುಗಳಿಂದ ಇದನ್ನೇ ಮಾಡುತ್ತಿದ್ದರು. ತಕ್ಕಡಿ ಇಲ್ಲ, ಪುಸ್ತಕ ಇಲ್ಲ, ಎಲ್ಲ ಮಣಿಕಟ್ಟಿನಲ್ಲಿ.

ಕರಿ ಕಣ ಬರುವುದು ಕಪ್ಪತಗುಡ್ಡದ ನೆತ್ತಿಯ ಕಬ್ಬಿಣದ ಪಟ್ಟೆಕಲ್ಲಿನಿಂದ. ಬಂಗಾರ ಬರುವುದು ಬಂಡೆಯೊಳಗಿನ ಬಿಳೀ ಬೆಣಚುಕಲ್ಲಿನ ಎಳೆಗಳಿಂದ. 250 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲುಗಳಿವು. ಇಂಥ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1874ರಲ್ಲಿ ಡಂಬಳ ಗುಡ್ಡಗಳ (ಇದೇ ಕಪ್ಪತಗುಡ್ಡದ ಸಾಲು) ಬಂಗಾರದ ಬಗ್ಗೆ ಬರೆದವರೂ ಅವರೇ. ಆಮೇಲೆ 20ನೇ ಶತಮಾನದ ಶುರುವಿನಲ್ಲಿ ಕಂಪನಿಗಳು ಬಂದವು, ಹೊಸೂರು, ಕಬಲಾಯತಕಟ್ಟಿ ಕಡೆ ಗಣಿ ತೋಡಿದವು, ಕೆಲವೇ ವರ್ಷಗಳಲ್ಲಿ ಮುಚ್ಚಿಕೊಂಡು ಹೋದವು.

ನಮ್ಮ ಕಡೆ ಬಂಗಾರದ ಗಣಿ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ಈ ಕಂಪನಿಗಳೇ. ನನಗೆ ಅದು ಸರಿ ಅನಿಸುವುದಿಲ್ಲ. ಯಾವ ಹಳ್ಳದಲ್ಲಿ ಬಂಗಾರ ಇದೆ ಅಂತ ಜಲಗಾರರಿಗೆ ಮೊದಲೇ ಗೊತ್ತಿತ್ತಲ್ವಾ? ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಕಟ್ಟಿಗೆಯ ಮರಿಗೆ ಇದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಯಾರು ಬಳಸುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ, ಬರೆದಿಡಿ.

2019ರಿಂದ ಕಪ್ಪತಗುಡ್ಡ ವನ್ಯಜೀವಿಧಾಮ. ಅಲ್ಲಿಂದ ಹರಿದು ಬಂದಿದ್ದನ್ನು ಮನೆಗೆ ಒಯ್ಯಲು ಮನಸ್ಸಾಗಲಿಲ್ಲ. ಹೊರಡುವಾಗ ಪೇಪರ್ ಬಿಚ್ಚಿದೆ. ಕರಿ ಉಸುಕು ನೀರಿಗೆ ಬಿತ್ತು. ಒಂದು ಗೇಣು ಸರಿಯಿತು ಅಷ್ಟೇ, ಅದೇ ಕಲ್ಲಿನ ಬುಡದಲ್ಲಿ ಮತ್ತೆ ಕೂತಿತು.