ಸ್ಕೇಲು, ಪೆನ್ಸಿಲ್ಲು, ವಿ-ಲುಕಪ್ಪು

ತಿಂಗಳ ಕೊನೆ ಬಂತೆಂದರೆ ನನ್ನ ಮೇಜಿನ ಮೇಲೆ ಎರಡು ಪಟ್ಟಿ. ಒಂದರಲ್ಲಿ ನಾವು ಕಳಿಸಿದ ಬಿಲ್ಲುಗಳು, ಇನ್ನೊಂದರಲ್ಲಿ ಬಂದ ಹಣ. ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು, ಸಾಲುಸಾಲಿಗೂ ಪೆನ್ಸಿಲ್ಲಿನಲ್ಲಿ ಟಿಕ್ ಹಾಕುತ್ತಿದ್ದೆ. ಎರಡು ದಿನ ಹಿಡಿಯುತ್ತಿತ್ತು. ಪಕ್ಕದ ಸೀಟಿಗೆ ಹೊಸದಾಗಿ ಬಂದ ಹುಡುಗಿ ನೋಡಿ, "ಸರ್, ಇದಕ್ಕೆ ವಿ-ಲುಕಪ್ ಹಾಕಬಹುದಲ್ವಾ?" ಅಂದಳು. "ಹಾಕಬಹುದು, ಹಾಕಬಹುದು" ಅಂದೆ. ಒಂದು ಪಟ್ಟಿಯ ನಂಬರನ್ನು ಇನ್ನೊಂದರಲ್ಲಿ ಹುಡುಕಿ, ಅದರ ಮುಂದಿರುವುದನ್ನು ತಂದುಕೊಡುವ ಎಕ್ಸೆಲ್ ಫಾರ್ಮುಲಾ ಅದು. ಆಗ ಅದು ಏನೆಂದೇ ನನಗೆ ಗೊತ್ತಿರಲಿಲ್ಲ.

ಅವಳನ್ನೇ ಕೇಳಬಹುದಿತ್ತು. 20 ವರ್ಷ ಲೆಕ್ಕ ಬರೆದವನಿಗೆ ಬಾಯಿ ಬರಲಿಲ್ಲ. ಊಟದ ಹೊತ್ತಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ವಿಡಿಯೋ ನೋಡತೊಡಗಿದೆ. ಆ ಕಲಿಸುವವರ ಕೈ ಏನು ಓಟ! ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಹಳೇ ಡೈರಿಯಲ್ಲಿ ಒಂದೊಂದೇ ಬರೆದುಕೊಂಡೆ.

ನಾಲ್ಕನೇ ದಿನ ಫಾರ್ಮುಲಾ ಕೂತಿತು. ಮೂಲೆ ಹಿಡಿದು ಕೆಳಗೆಳೆದೆ. 600 ಸಾಲು ಕಣ್ಣೆದುರೇ ತುಂಬಿಕೊಂಡವು. ಎದ್ದು ಕುಣಿಯೋಣ ಅನ್ನಿಸಿತು.

ಆಮೇಲೆ ಸುಮ್ನೆ ಕಣ್ಣಾಡಿಸಿದೆ. ಒಂದು ಪಾರ್ಟಿಯ ಬಿಲ್ಲಿನ ಮುಂದೆ ಹಣ ಬಂದಿದೆ ಅಂತಿತ್ತು. ಆ ಪಾರ್ಟಿ! ಮೂರು ಸಲ ಫೋನ್ ಮಾಡದೆ ಒಂದು ಪೈಸೆ ಬಿಚ್ಚಿದ ಆಸಾಮಿಯಲ್ಲ ಅವನು. ಕಾಗದದ ಪಟ್ಟಿ ತೆಗೆದು ನೋಡಿದರೆ, ಅವನ ಹಿಂದಿನ ಬಿಲ್ ನಂಬರಿನವರು ಕೊಟ್ಟ ಹಣ ಇವನ ಮುಂದೆ ಬಂದು ಕೂತಿದೆ.

ತಪ್ಪು ನನ್ನದೇ. ಫಾರ್ಮುಲಾದ ಕೊನೆಯ ಭಾಗ ಬರೆಯದೇ ಬಿಟ್ಟಿದ್ದೆ. ಅಲ್ಲಿ ಫಾಲ್ಸ್ ಅಂತಲೋ ಸೊನ್ನೆಯೋ ಹಾಕದಿದ್ದರೆ, ಹುಡುಕಿದ ನಂಬರು ಸಿಗದಾಗ ಎಕ್ಸೆಲ್ ಅದಕ್ಕಿಂತ ಚಿಕ್ಕದಾದ ಹತ್ತಿರದ ನಂಬರನ್ನು ಹಿಡಿದುಬಿಡುತ್ತದೆ. ಸಿಗಲಿಲ್ಲ ಅಂತ ಹೇಳುವುದೂ ಇಲ್ಲ. ಎಷ್ಟು ಧೈರ್ಯವಾಗಿ ಸುಳ್ಳು ಹೇಳುತ್ತದೆ ನೋಡಿ!

ಸೊನ್ನೆ ಹಾಕಿದೆ. ಈಗ ಹಣ ಕೊಟ್ಟ ಕೆಲವರ ಮುಂದೆಯೂ ಎನ್‌ಎ, ಅಂದರೆ ಸಿಗಲಿಲ್ಲ ಅಂತ ಬಂತು. ಆ ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು. ಕೊನೆಗೆ ಕಣ್ಣಿಗೆ ಬಿದ್ದಿದ್ದು: ಹಣದ ಪಟ್ಟಿಯಲ್ಲಿ ಕೆಲವು ಬಿಲ್ ನಂಬರುಗಳು ತಮ್ಮ ಚೌಕದ ಎಡಗಡೆಗೆ ಅಂಟಿಕೊಂಡಿದ್ದವು, ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ. ನೋಡಲು ಅಂಕಿ, ಎಕ್ಸೆಲ್ ಲೆಕ್ಕದಲ್ಲಿ ಅಕ್ಷರ. ಅವನ್ನು ಅಂಕಿಗೆ ಬದಲಾಯಿಸಿದ ಮೇಲೆ ಎಲ್ಲ ಸರಿಹೋಯಿತು.

ಮಾರನೇ ದಿನ ಹುಡುಗಿಗೆ ತೋರಿಸಿದೆ. "ತಪ್ಪಿದೆ ಅಂತ ಹೇಗೆ ಗೊತ್ತಾಯ್ತು ಸರ್?" ಅಂದಳು. ಆ ಪಾರ್ಟಿಯ ಕಥೆ ಹೇಳಿದೆ. ಜೋರಾಗಿ ನಕ್ಕಳು.

ಈಗ ಆ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೂ ಹತ್ತು ಸಾಲು ಆರಿಸಿಕೊಂಡು ಸ್ಕೇಲ್ ಇಟ್ಟು ನೋಡುತ್ತೇನೆ. ಅದರಲ್ಲಿ ಅವನ ಸಾಲು ಇದ್ದೇ ಇರುತ್ತದೆ.